ಗುತ್ತೆವ್ವನ ಬಸವನಹುಳುಗಳು

ಗುತ್ತೆವ್ವನಿಗೆ ಮನುಷ್ಯರ ಮಾತಿನ ಮೇಲೆ ನಂಬಿಕೆ ಕಡಿಮೆ. ಹಂಸಭಾವಿಯ ಅವಳ ಪಡಸಾಲೆಯಲ್ಲಿ ಪೆಪ್ಪರಮಿಂಟಿನ ಹಳೆಯ ಗಾಜಿನ ಭರಣಿಯೊಂದಿತ್ತು. ಅದರೊಳಗೆ ಗದ್ದೆಯ ಕಾಲುವೆಯಿಂದ ಆರಿಸಿ ತಂದ ಏಳು ಬಸವನಹುಳುಗಳು. ಮನೆಗೆ ಬಂದ ನೀರನ್ನು ಮೊದಲು ಅವಕ್ಕೆ ಹಾಕುವಳು. ಅವು ಗಾಜಿನ ಮೇಲೆ ಹರಿದಾಡಿದರಷ್ಟೇ ಉಳಿದವರಿಗೆ ಕುಡಿಯಲು ಅಪ್ಪಣೆ.

"ನಿಮ್ಮವ್ವನ ಜೀವ ಭರಣ್ಯಾಗ ಐತಿ ನೋಡು" ಎಂದು ಗಂಡ ಭರಮಪ್ಪ ಮಗಳ ಮುಂದೆ ನಗುತ್ತಿದ್ದ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಗುತ್ತೆವ್ವನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಗಾದೆ ಹೇಳುವವರಿಗೆಲ್ಲ ಅದರ ಅರ್ಥ ತಿಳಿದಿರಬೇಕೆಂದೇನೂ ಇಲ್ಲ.

ನಲವತ್ತಮೂರನೆಯ ಇಸವಿಯ ಬೇಸಿಗೆಯಲ್ಲಿ ಮಗಳು ಮಂಜವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅದೇ ವಾರ ಸುತ್ತಲಿನ ಹಳ್ಳಿಗಳಲ್ಲಿ ವಾಂತಿಭೇದಿ ಎದ್ದಿತು. ಕೆರೆಯ ನೀರು ಮುಟ್ಟಬೇಡಿ, ಬಾವಿಯದನ್ನೇ ಕುಡಿಯಿರಿ ಎಂದು ಡಂಗುರ ಸಾರಿದರು. ಭರಮಪ್ಪ ಬಾಣಂತನಕ್ಕೆಂದು ಹಾನಗಲ್ಲಿನಿಂದ ಹೊಸ ತಾಮ್ರದ ಕೊಡ ತಂದ. ಗುತ್ತೆವ್ವ ಅದರಲ್ಲಿ ಬಾವಿಯ ನೀರು ತುಂಬಿಟ್ಟು, ಮರುದಿನ ಭರಣಿಗೆ ಸುರಿದಳು. ಸಂಜೆಯೊಳಗೆ ಐದು ಹುಳು ಸತ್ತು ತಳ ಸೇರಿದ್ದವು.

ಗುತ್ತೆವ್ವ ಭರಣಿಯ ನೀರು ಚೆಲ್ಲಿದಳು. ಹಳೆಯ ಮಣ್ಣಿನ ಕೊಡದಲ್ಲಿ ಕೆರೆಯ ನೀರು ತಂದು ಹಾಕಿದಾಗ, ಉಳಿದೆರಡು ಹುಳು ಕೊಂಬು ಚಾಚಿ ಹರಿದಾಡಿದವು.

"ಬಾವಿ ಕೆಟ್ಟೈತಿ. ಇನ್ಮ್ಯಾಲ ಕೆರಿ ನೀರ."

"ಡಂಗುರದಾಗ ಬ್ಯಾಡಂದಾರಲ್ಲ" ಎಂದ ಭರಮಪ್ಪ.

"ಡಂಗುರ ಬಡಿಯಾಂವ ಕುಡದು ನೋಡ್ಯಾನೇನ್ರಿ? ನನ್ನ ಹುಳ ನೋಡ್ಯಾವ."

ಮೂರು ದಿನ ಬಸುರಿ ಮಗಳಿಗೆ ಗುತ್ತೆವ್ವನೇ ಕೈಯಾರೆ ಆ ನೀರು ಕುಡಿಸಿದಳು. ಸಾಕೆಂದರೂ ಬಿಡಲಿಲ್ಲ.

ನಾಲ್ಕನೆಯ ದಿನ ಮುಂಜಾನೆ, ಪಾತ್ರೆಗಳಿಗೆ ಕಲಾಯಿ ಹಾಕುವ ಕುತುಬುದ್ದೀನ ಓಣಿಗೆ ಬಂದ. ಕಟ್ಟೆಯ ಮೇಲೆ ಬೋರಲು ಬಿದ್ದಿದ್ದ ಹೊಸ ಕೊಡ ನೋಡಿ, ಯಾಕೆ ಬಳಸುತ್ತಿಲ್ಲವೆಂದು ಕೇಳಿದ. ಅವಳು ಹುಳು ಸತ್ತದ್ದನ್ನು ಹೇಳಿದಳು.

"ಅಯ್ಯ, ಯಕ್ಕಾ! ಬಾವಿದೇನು ತಪ್ಪೈತ್ರಿ? ಕಲಾಯಿ ಇಲ್ಲದ ತಾಮ್ರದಾಗ ನಿಂತ ನೀರು ಈ ಹುಳಕ್ಕ ವಿಷ. ನಾ ಎಷ್ಟು ಮನ್ಯಾಗ ನೋಡೇನಿ. ಮನಷ್ಯಾರಿಗೆ ಏನೂ ಆಗಂಗಿಲ್ರಿ. ನಮ್ಮಜ್ಜ ಅದನ್ನ ಕುಡದು ತೊಂಬತ್ತು ವರ್ಷ ಬದುಕಿದ."

ಗುತ್ತೆವ್ವ ಕೆರೆಯ ನೀರಿದ್ದ ಮಣ್ಣಿನ ಕೊಡದತ್ತ ತಿರುಗಿ ನೋಡಿದಳು. ಭಯವೆಂದರೆ ಏನೆಂದು ಅವಳಿಗೆ ಆಗ ತಿಳಿಯಿತು.

ಒಳಗಿನಿಂದ ಮಂಜವ್ವ ಕೂಗಿದಳು: "ಅವ್ವಾ, ಹೊಟ್ಟಿ ತೊಳಸಾಕತ್ತೈತಿ. ಇನ್ನೊಂದೀಟು ನೀರು ಕೊಡ."