ಅಂಚು ಕತ್ತರಿಸಿದ ಯುರೋಪು

ನಮ್ಮ ಸೋದರಮಾವ ಓದುವ ಮನುಷ್ಯರಲ್ಲ. ಆದರೆ ಯುರೋಪಿನ ಚರಿತ್ರೆಯ ಪುಸ್ತಕಗಳು ಅವರ ಕೈಯಲ್ಲಿ ಓಡಾಡಿದಷ್ಟು ಇನ್ನಾರ ಕೈಯಲ್ಲೂ ಓಡಾಡಿರಲಿಕ್ಕಿಲ್ಲ. ಕಾಲೇಜಿನ ಎದುರಿನ ಓಣಿಯಲ್ಲಿ ಅವರ ಬೈಂಡಿಂಗ್ ಅಂಗಡಿ. ಚರಿತ್ರೆ ವಿಭಾಗದ ಹರಿದ ಸಂಪುಟಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ಹೊಲಿಗೆ ನನ್ನದು. ನಾನು ಹೊಲಿದು ಕೊಟ್ಟದ್ದಕ್ಕೆ ಅಂಟು ಬಳಿದು, ಕಟಿಂಗ್ ಮಷೀನಿಗೆ ಕೊಟ್ಟು ಮೂರು ಅಂಚನ್ನೂ ಸಮ ಮಾಡಿ, ರಟ್ಟು ಹಾಕುವುದು ಮಾವನ ಕೆಲಸ. “ಯುರೋಪಿನ ರಾಜರೆಲ್ಲ ನನ್ನ ಕತ್ತಿಗೆ ತಲೆ ಕೊಟ್ಟವರೇ ಕಣೇ” ಎಂದು ನಗುತ್ತಿದ್ದರು. ಅಂಚು ಏರುಪೇರಾದ ಪುಸ್ತಕ ಅಂಗಡಿ ದಾಟಿತೆಂದರೆ ಅವರಿಗೆ ಮೂಗು ಕೊಯ್ದಷ್ಟು ಅವಮಾನ.

ಒಂದು ಸಲ ಅದೇ ವಿಭಾಗದಲ್ಲಿದ್ದ ಮೇಡಂ ಒಬ್ಬರು ತಮ್ಮದೇ ಪುಸ್ತಕ ತಂದಿದ್ದರು. ಅವರು ನಿವೃತ್ತ ಅಧ್ಯಾಪಕಿ. ಮಧ್ಯಯುಗದಿಂದ ಆಧುನಿಕ ಕಾಲದವರೆಗಿನ ಯುರೋಪನ್ನು ಎರಡು ಸಂಪುಟಗಳಲ್ಲಿ ಬರೆದವರು. ಅಚ್ಚಾದ ಮೇಲೂ ಸುಮ್ಮನಿರದೆ, ವರ್ಷಗಟ್ಟಲೆ ಕಂಡುಕೊಂಡ ತಿದ್ದುಪಡಿಗಳನ್ನೆಲ್ಲ ತಮ್ಮ ಪ್ರತಿಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದರು. ಪ್ರಕಾಶಕರು ಹೊಸ ಆವೃತ್ತಿಗೆ ಒಪ್ಪುವ ಹೊತ್ತಿಗೆ ಕಣ್ಣು ಕೈಕೊಟ್ಟಿತು. ಎದುರಿಗಿದ್ದವರ ಮುಖವೂ ಮಬ್ಬು. ಟೈಪಿಗೆ ಕೊಡುವ ಮುಂಚೆ ಕಳಚಿದ ಹಾಳೆಗಳನ್ನು ಬಿಗಿ ಮಾಡಿಸಬೇಕಿತ್ತು.

“ಅಂಚಲ್ಲಿ ಬರೆದಿರೋದೇ ನನ್ನ ಆಸ್ತಿ. ಅದನ್ನ ಮುಟ್ಟಬೇಡಿ” ಎಂದು ಎರಡೆರಡು ಸಲ ಹೇಳಿದ್ದರು. ಮಾವ ಹೂಂಗುಟ್ಟಿದ್ದರು.

ನಾನು ಎರಡನೆಯ ಸಂಪುಟದ ಹೊಲಿಗೆಯನ್ನು ಬೆಳಿಗ್ಗೆಯೇ ಮುಗಿಸಿ ಕೊಟ್ಟು, ಮಧ್ಯಾಹ್ನ ಕಸ ಗುಡಿಸುತ್ತಿದ್ದೆ. ಮಷೀನಿನ ಕೆಳಗೆ ಬಿದ್ದಿದ್ದ ಕಾಗದದ ಪಟ್ಟಿಯೊಂದು ಪೊರಕೆಗೆ ಸಿಕ್ಕಿತು. ಅದರ ಮೇಲೆ ಪೆನ್ಸಿಲಿನ ಅಕ್ಷರಗಳಿದ್ದವು. ತಲೆ ಎತ್ತಿದರೆ ಎರಡನೆಯ ಸಂಪುಟ ಆಗಲೇ ಕತ್ತಿಯ ಕೆಳಗಿತ್ತು, ಮಾವನ ಕೈ ಹಿಡಿಕೆಯ ಮೇಲಿತ್ತು.

“ಮಾವ, ನಿಲ್ಲಿಸಿ!”

ಕೈ ನಿಂತಿತು. ಎರಡನೆಯದು ಉಳಿಯಿತು. ಮೊದಲನೆಯದು ಹಿಂದಿನ ದಿನವೇ ಹೋಗಿತ್ತು. ಅದನ್ನು ತೆರೆದರೆ ಪುಟ ಪುಟದಲ್ಲೂ ಅರ್ಧಂಬರ್ಧ ಅಕ್ಷರ.

“ಹೇಳಿದ್ರು ಕಣೇ, ಹೇಳಿದ್ರು” ಎಂದು ಮಾವ ಹಣೆ ಚಚ್ಚಿಕೊಂಡರು. “ಅಂಟು ಒಣಗಿತು, ಕೈ ತಾನಾಗೇ ಅಲ್ಲಿಗೆ ಹೋಯ್ತು.”

ಚೂರುಗಳ ಚೀಲವನ್ನು ಗುಜರಿಯವನು ಬೆಳಿಗ್ಗೆ ಒಯ್ದಿದ್ದ. ಮಾವ ಚಪ್ಪಲಿ ಮೆಟ್ಟದೆ ಓಡಿದರು. ವಾಪಸು ಬಂದಾಗ ಏದುಸಿರು, ಕೈ ಖಾಲಿ. ಎಲ್ಲ ಕಾಗದದ ಮಿಲ್ಲಿಗೆ ಹೋಗಿಯಾಗಿತ್ತು.

ಸಂಜೆ ಮೇಡಂ ಬರುವವರಿದ್ದರು. ಮಾವ ಸ್ಟೂಲಿನ ಮೇಲೆ ಕುಕ್ಕರಿಸಿ ನೆಲ ನೋಡುತ್ತಾ ಮೆಲ್ಲಗೆ ಹೇಳಿದರು: “ಹೇಗೂ ಅವರಿಗೆ ಕಾಣಲ್ಲ. ರಟ್ಟು ಹಾಕಿ ಕೊಟ್ಟುಬಿಟ್ರೆ…”

ನನಗೆ ಮೈಯೆಲ್ಲ ಉರಿದುಹೋಯಿತು. “ಟೈಪ್ ಮಾಡೋರಿಗೂ ಕಾಣಲ್ವಾ? ನೀವು ಹೇಳದಿದ್ರೆ ನಾನೇ ಹೇಳ್ತೀನಿ.” ಮಾವನ ಮೇಲೆ ಸಿಟ್ಟೂ ಬಂತು, ಅಯ್ಯೋ ಪಾಪ ಎಂದೂ ಅನಿಸಿತು.

ಮೇಡಂ ಬಂದರು. ಕುರ್ಚಿಯಲ್ಲಿ ಕೂತು ಕೈ ಚಾಚಿದರು. ಮಾವ ಮೊದಲ ಸಂಪುಟವನ್ನೇ ಅವರ ಮಡಿಲಿಗಿಟ್ಟರು. ಅವರ ಬೆರಳು ಬೆನ್ನು ಸವರಿತು, ಮೇಲಂಚು ಸವರಿತು, ಪಕ್ಕದಂಚಿಗೆ ಬಂದು ನಿಂತಿತು.

“ಇಷ್ಟು ನುಣುಪು ಹೇಗೆ ಬಂತು?”

ಈಗಲೂ ಏನಾದರೂ ಸುಳ್ಳು ಹೊಂದಿಸಬಹುದಿತ್ತು. ಮಾವ ಕೈಕಟ್ಟಿ ನಿಂತು, “ಕತ್ತರಿಸಿಬಿಟ್ಟೆ ಮೇಡಂ. ನಿಮ್ಮ ಮಾತು ಮರೆತೆ” ಎಂದರು.

ಮೇಡಂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಪುಸ್ತಕವನ್ನು ತೆರೆದು ಮಾವನ ಕಡೆ ಚಾಚಿದರು.

“ಅಚ್ಚಾಗಿರೋದನ್ನ ಓದಿ. ಕೇಳಿದರೆ ಅಂಚಲ್ಲಿ ಬರೆದದ್ದು ನೆನಪಾದೀತು. ಅಮ್ಮಾ, ನೀನು ಬರ್ಕೋ.”

ಮಾವ ಒಂದೊಂದೇ ಪದ ಕೂಡಿಸಿಕೊಂಡು ಶುರು ಮಾಡಿದರು. ಊಳಿಗಮಾನ್ಯ ಎಂಬಲ್ಲಿ ತಡವರಿಸಿದರು. ಮೇಡಂ ಅಲ್ಲಲ್ಲಿ ತಡೆದು, ಕಳೆದುಹೋದ ಸಾಲುಗಳನ್ನು ಹೇಳಿ ಬರೆಸಿದರು. ಅದಾದ ಮೇಲೆ ದಿನವೂ ಇದೇ ನಡೆಯಿತು. ಬರಬರುತ್ತಾ ಮಾವನ ಮುಖಕ್ಕೆ ಜೀವ ಬಂತು.

ಪ್ಲೇಗಿನ ಅಧ್ಯಾಯದಲ್ಲಿ ಮೇಡಂ ಕೈ ಎತ್ತಿದರು. “ಇಲ್ಲಿ ಅಂಚು ತುಂಬ ಬರೆದಿದ್ದೆ. ನನ್ನದೇ ಒಂದು ವಾದ ಇತ್ತು.” ಕಣ್ಣು ಮುಚ್ಚಿದರು. ತುಟಿ ಅಲುಗಿತು. ನಾನು ಪೆನ್ನು ಹಿಡಿದು ಕಾದೆ.

“ಇನ್ನೊಂದ್ಸಲ ಓದಿ.”

ಮಾವ ಓದಿದರು. ಮತ್ತೂ ಒಂದು ಸಲ ಓದಿದರು.

“ಇಲ್ಲ, ಹೋಯ್ತು” ಎಂದರು ಮೇಡಂ. “ಮುಂದೆ ಓದಿ.”

ಮಾವ ಮುಂದಿನ ಸಾಲಿನ ಮೇಲೆ ಬೆರಳಿಟ್ಟರು. ಆಮೇಲೆ ಬೆರಳನ್ನು ಹಿಂದಕ್ಕೆ ಸರಿಸಿ, ಅದೇ ಸಾಲನ್ನು ಇನ್ನೊಂದು ಸಲ ಓದಿದರು.