ಇಪ್ಪತ್ತಕ್ಕೆ ನಿಂತ ಕೈ

ಪಕ್ಕದ ಮನೆಯ ಮಿಲ್ಟ್ರಿ ಕಾಕಾರ ಬಲಗೈಯಲ್ಲಿ ಕಿರುಬೆರಳೂ ಅದರ ಮಗ್ಗುಲ ಬೆರಳೂ ಇರಲಿಲ್ಲ. ಚಹಾದ ಲೋಟವನ್ನು ಉಳಿದ ಮೂರರಲ್ಲೇ ಹಿಡಿಯುತ್ತಿದ್ದರು. ಕೇಳಿದರೆ “ಥಂಡಿ ತಿಂತು” ಎನ್ನುವರು, ಇಲಿ ತಿಂದ ರೊಟ್ಟಿಯ ಸುದ್ದಿ ಹೇಳಿದ ಹಾಗೆ.

ಅಕ್ಕಿಆಲೂರಿನ ನಮ್ಮ ಓಣಿಯಲ್ಲಿ ಹಿಮ ಕಂಡವರು ಅವರೊಬ್ಬರೇ. ಸೈನ್ಯದಲ್ಲಿದ್ದಾಗ, ತುಕಡಿ ದಾಟುವ ಮೊದಲು ಇಳಿಜಾರಿನ ಹಿಮ ಜಾರೀತೋ ಇಲ್ಲವೋ ನೋಡುವುದು ಅವರ ಕೆಲಸವಾಗಿತ್ತು. ಹೋದ ಶ್ರಾವಣದಲ್ಲಿ ಹೋಳಿಗೆಗೆಂದು ರವೆ, ಮೈದಾ ತೆಗೆದಿಟ್ಟು ಕುಳಿತಿದ್ದಾಗ ಕಾಕಾ ಚಹಾಕ್ಕೆ ಬಂದರು.

“ಹಿಮ ಜಾರತೈತೋ ಇಲ್ಲೋ ಹೆಂಗ ನೋಡ್ತಿದ್ರಿ, ಕಾಕಾ?” ಎಂದೆ.

ಅವರು ಪರಾತದಲ್ಲಿ ರವೆ ಹರವಿ, ಮೇಲೆ ಹಿಟ್ಟು ಒತ್ತಿ, ಪರಾತವನ್ನು ಓರೆಯಾಗಿಟ್ಟರು. ಚಾಕುವಿನಿಂದ ನಾಲ್ಕೂ ಕಡೆ ಕೊಯ್ದು ಒಂದು ತುಂಡು ಬಿಡಿಸಿ, ಅದರ ಮೇಲೆ ದೋಸೆಯ ಸಟ್ಟುಗ ಇಟ್ಟು ಬಡಿಯತೊಡಗಿದರು.

“ಅಲ್ಲಿ ಸಲಿಕಿ ಇಟ್ಟು ಬಡೀತಿದ್ವಿ. ಮಣಿಕಟ್ಟಿಲೆ ಹತ್ತು, ಮೊಣಕೈಲೆ ಹತ್ತು, ಹೆಗಲಿಂದ ಹತ್ತು. ಮೂವತ್ತಕ್ಕೂ ಜಾರಲಿಲ್ಲಂದ್ರ ದಾಟ್ರಿ ಅನ್ನೂದು.”

ಇಪ್ಪತ್ಮೂರಕ್ಕೆ ಮೇಲಿನ ಹಿಟ್ಟು ಹಲಗೆಯಂತೆ ಜಾರಿ ನೆಲಕ್ಕೆ ಬಿತ್ತು.

“ಹೋತಲ್ರಿ ನನ್ನ ಹೋಳಿಗಿ,” ಎಂದು ನಕ್ಕೆ. ಕಾಕಾ ನಗಲಿಲ್ಲ.

“ಒಂದ ಸಲ ಇಪ್ಪತ್ತಕ್ಕ ನಿಲ್ಲಿಸಿದೆ, ಮಗಳ. ಕೈ ಸೆಟದಿತ್ತು, ಹಿಂದಿನವರು ಅವಸರ ಮಾಡಾಕತ್ತಿದ್ರು. ಮೂವತ್ತೂ ಆದ್ವು ಅಂದೆ. ಚಿಕ್ಕೇರೂರಿನ ಹುಡುಗ ಮುಂದ ಹೋದ. ಅವನ ಮ್ಯಾಲ ಗುಡ್ಡನ ಬಂತು.”

ಪ್ರತಿ ದೀಪಾವಳಿಗೆ ಕಾಕಾ ಸೀರೆ ಒಯ್ಯುತ್ತಿದ್ದುದು ಚಿಕ್ಕೇರೂರಿನ ಅಕ್ಕನಿಗೆ. ಒಡಹುಟ್ಟಿದ ಅಕ್ಕ ಎಂದೇ ಹದಿನೈದು ವರ್ಷ ನಂಬಿದ್ದೆ.

“ಆ ಹುಡುಗನ ತಾಯಿಗೆ ಇದು ಗೊತ್ತೈತೇನ್ರಿ?”

“ಮೊದಲ್ನೇ ದಿನನ ಹೇಳಿದೆ. ‘ಕಾಲ ತೊಳ್ಕೊ, ಉಣ್ಣಾಕ ಬಾ’ ಅಂದ್ಲು. ಬೈದಿದ್ರ ಒಂದ ಸಲ ಹೋಗಿ ಬಿಟ್ಟಬಿಡ್ತಿದ್ದೆ.”

ಚೆಲ್ಲಿದ ಹಿಟ್ಟನ್ನು ತಾವೇ ಬಳಿದು ಎದ್ದುಹೋದರು.

ಮಾಘದಲ್ಲಿ ಒಂದು ಬೆಳಿಗ್ಗೆ ಕಾಕಾ ಚಹಾಕ್ಕೆ ಬರಲಿಲ್ಲ. ಹೋಗಿ ನೋಡಿದರೆ ಮಲಗಿದಲ್ಲೇ ತಣ್ಣಗಾಗಿದ್ದರು. ಚಿಕ್ಕೇರೂರಿಗೆ ಫೋನು ಮಾಡಿದವಳು ನಾನೇ. ಮಧ್ಯಾಹ್ನದ ಬಸ್ಸಿಗೆ ಆ ಅಕ್ಕ ಬಂದರು. ಅಳಲಿಲ್ಲ. ಕಾಕಾರ ಬಲಗೈಯನ್ನು ಮಡಿಲಿಗೆಳೆದುಕೊಂಡು ಸೆರಗಿನಿಂದ ಒರೆಸುತ್ತ ಕುಳಿತರು. ಏನಾದರೂ ಮಾತಾಡಬೇಕಲ್ಲ ಎಂದು, “ಥಂಡಿ ತಿಂದ ಕೈರಿ ಅದು,” ಎಂದೆ.

“ಥಂಡಿ ಅಷ್ಟ ಅಲ್ಲವ್ವಾ,” ಎಂದರು ಆಕೆ. “ನನ್ನ ಮಗನ ಮಾರಿಗೆ ಸಲಿಕಿ ತಾಗೀತಂತ ಅದನ್ನ ಒಗದು, ಕೈಗವಸೂ ತಗದು, ಬರೇ ಕೈಲೆ ಹಿಮಾ ಬಗದಾನ. ಸಂಜಿತನಕ.”

ಹದಿನೈದು ವರ್ಷ ದಿನವೂ ಆ ಕೈಗೆ ಚಹಾ ಕೊಟ್ಟವಳು ನಾನು.