ಆಲೂಗಡ್ಡೆ ಗೋಡೌನಿನ ಚಂದ್ರ

ಕಳೆದ ವಾರ ನನ್ನನ್ನು ಚಂದ್ರನಿಗೆ ಕರೆದುಕೊಂಡು ಹೋಗಿದ್ದರು. ಬಸ್ಸಿಲ್ಲ, ಟಿಕೆಟ್ಟಿಲ್ಲ. ಮೊಮ್ಮಗಳ ಮಗಳು ಓದುವ ಸ್ಕೂಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ, ಕುದುರೆಯ ಕಣ್ಣುಪಟ್ಟಿಯಂಥ ಒಂದು ಕರಿ ಕನ್ನಡಕವನ್ನು ಮುಖಕ್ಕೆ ಬಿಗಿದರು. ನನಗಿಂತ ಮೊದಲು ಕಟ್ಟಿಕೊಂಡವರೆಲ್ಲರ ತಲೆ ಎಣ್ಣೆಯ ವಾಸನೆ ಅದಕ್ಕೆ. ಒಳಗೆ ಬೂದು ಗುಡ್ಡಗಳು ಕಂಡವು. ಟೀ ಗಿಡಗಳನ್ನು ಬೋಳಾಗಿ ಕತ್ತರಿಸಿ ಕವಾತು ಮಾಡಿದ ಮೇಲೆ ನಮ್ಮ ಗುಡ್ಡವೂ ಹಾಗೇ ಕಾಣುತ್ತದೆ; ಅದಕ್ಕೆ ಯಾರೂ ಕನ್ನಡಕ ಕೊಡುವುದಿಲ್ಲ.

"ಪಾಟಿ, ಹಗುರ ಆದ ಹಾಗೆ ಇದೆಯಾ?" ಎಂದಳು ಟೀಚರಮ್ಮ. ಅಜ್ಜಿಗೆ ತಮಿಳಿನಲ್ಲಿ ಪಾಟಿ.

ಆಗಿದ್ದು ಕತ್ತು ನೋವು. ಆದರೆ ನನ್ನ ಕೈ ತಾನಾಗಿಯೇ ಕುರ್ಚಿಯ ಕೆಳಗೆ ಹೋಗಿ ತಡಕಾಡಿತು. ಏನು ಹುಡುಕುತ್ತಿದ್ದೀರಿ ಎಂದು ಆಕೆ ಕೇಳಿದಾಗ "ಮೊಣಕಾಲು" ಎಂದೆ. ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ನೀವೂ ಹಾಗಂದುಕೊಳ್ಳುವ ಮೊದಲು ಪೂರ್ತಿ ಕೇಳಿ.

ನಾನು ಓದಿದ್ದು ಮೂರನೆಯ ಕ್ಲಾಸು. ಅಷ್ಟಾದರೂ ಚಂದ್ರನಿಗೆ ಇದು ನನ್ನ ಎರಡನೆಯ ಪ್ರಯಾಣ. ಮೊದಲ ಸಲ ಹೋದದ್ದು ಪ್ರಯಾಣಿಕಳಾಗಿ ಅಲ್ಲ, ಇಂಜಿನ್ ಆಗಿ.

ಮನುಷ್ಯರು ಚಂದ್ರನ ಮೇಲೆ ಕಾಲಿಟ್ಟರೆಂದು ಮಂಜೂರಿನ ಟೀ ಅಂಗಡಿಯ ರೇಡಿಯೋ ಹೇಳಿದ ವರ್ಷ ಅದು. ಮಂಜೂರಿನಿಂದ ಮೇಲೆ ಹತ್ತಿದರೆ ನಮ್ಮ ಹಟ್ಟಿ. ಅಲ್ಲಿನ ಸ್ಕೂಲಿನಲ್ಲಿ ಮಕ್ಕಳಿಗೆ ಮಧ್ಯಾಹ್ನದ ಅನ್ನ ಬೇಯಿಸುವವಳು ನಾನು. ಇದ್ದವರು ಒಬ್ಬರೇ ಮೇಷ್ಟ್ರು. ನಾವು ವಾದ್ಯಾರು ಅನ್ನುತ್ತಿದ್ದೆವು. ಬಯಲುಸೀಮೆಯ ತಮಿಳರು. ಚಳಿಗೆ ಹೆದರಿ ಕಣ್ಣೆರಡು ಬಿಟ್ಟು ಮಿಕ್ಕ ಮುಖಕ್ಕೆಲ್ಲ ಮಫ್ಲರು ಸುತ್ತಿಕೊಂಡೇ ಪಾಠ ಮಾಡುತ್ತಿದ್ದರು. ಬೈದರೋ ಹೊಗಳಿದರೋ ಮಕ್ಕಳಿಗೆ ತಿಳಿಯುತ್ತಿರಲಿಲ್ಲ. ಆದ್ದರಿಂದಲೇ ಎಲ್ಲರಿಗೂ ಅವರ ಮೇಲೆ ಪ್ರೀತಿ.

ನನ್ನ ಮಗಳು ಮಾದಿ ಆಗ ಎರಡನೆಯ ಕ್ಲಾಸು. ಅವಳನ್ನು ಸ್ಕೂಲು ಬಿಡಿಸಿ, ತೊಟ್ಟಿಲಲ್ಲಿದ್ದ ತಮ್ಮನನ್ನು ನೋಡಿಕೊಳ್ಳಲು ಕೂರಿಸಬೇಕೆಂದು ನನ್ನ ಅತ್ತೆಯ ಹಟ. ನಾನು ಒಪ್ಪಲಿಲ್ಲ. ಓದಿನ ಮೇಲೆ ನನಗೆ ಭಾರೀ ಭಕ್ತಿಯೇನೂ ಇರಲಿಲ್ಲ. ಅತ್ತೆ ಹೇಳಿದ್ದಕ್ಕೆಲ್ಲ ಒಪ್ಪುವ ಅಭ್ಯಾಸವಿರಲಿಲ್ಲ, ಅಷ್ಟೆ. ಕೊನೆಗೆ ಒಂದು ರಾಜಿಯಾಯಿತು. ಊರಹಬ್ಬದೊಳಗೆ ಹುಡುಗಿ ಉಪಯೋಗಕ್ಕೆ ಬರುವಂಥದ್ದು ಒಂದಾದರೂ ಕಲಿತರೆ ಸ್ಕೂಲು, ಇಲ್ಲದಿದ್ದರೆ ತೊಟ್ಟಿಲು.

ವಾದ್ಯಾರಿಗೆ ಇದನ್ನು ಹೇಳಿದೆ. ಅವರು ಗುಣಾಕಾರ ಕಲಿಸುತ್ತಾರೆಂದುಕೊಂಡರೆ, ರಾಕೆಟ್ಟು ಕಟ್ಟಿದರು.

ಜನ ಆಲೂಗಡ್ಡೆ ಬಿಟ್ಟು ಟೀ ಹಾಕಿದ ಮೇಲೆ ಸ್ಕೂಲಿನ ಪಕ್ಕದ ಗೋಡೌನು ಖಾಲಿ ಬಿದ್ದಿತ್ತು. ಕಿಟಕಿ ಇಲ್ಲ, ಹಗಲಲ್ಲೂ ಕತ್ತಲು. ಎಲೆ ತುಂಬುವ ಹಳೆಯ ಗೋಣಿಗಳನ್ನು ಹೊಲಿದು ಮೇಲೆ ಕಟ್ಟಿಸಿದರು. ಅದರಲ್ಲಿ ಊದುಬತ್ತಿಯಿಂದ ತೂತು ಸುಟ್ಟರು, ಅವು ನಕ್ಷತ್ರ. ನನ್ನ ಒಲೆಯ ಬೂದಿಯನ್ನು ನೆಲಕ್ಕೆ ಹರಡಿದರು, ಅದು ಚಂದ್ರ. ಹೊರಗೆ ಸೀಮೆಎಣ್ಣೆ ಡ್ರಮ್ಮಿಗೆ ಕಲ್ಲು ತುಂಬಿ ಗಡಗಡ ಉರುಳಿಸಬೇಕು, ಅದು ಇಂಜಿನ್. ಅಂದರೆ ನಾನು. ಒಲೆಯ ಮೇಲೆ ಅನ್ನ ಸೀಯುತ್ತಿದ್ದರೂ ಒಳಗಿನಿಂದ "ಅಮ್ಮಾ, ಇಂಜಿನ್ ನಿಲ್ಲಿಸಬೇಡಿ, ಇನ್ನೂ ಭೂಮಿ ದಾಟಿಲ್ಲ" ಎಂದು ಕೂಗುತ್ತಿದ್ದರು.

ಚಂದ್ರ ಮುಟ್ಟಿದ ಮೇಲೆ ತೂಕದ ಪಾಠ. ಅಲ್ಲಿ ನಮ್ಮ ತೂಕ ಆರರಲ್ಲಿ ಒಂದು ಪಾಲಂತೆ. ಅದನ್ನು ತೋರಿಸಲು ವಾದ್ಯಾರು ನಮ್ಮ ಟೀ ಎಲೆ ಕೊಳ್ಳುವ ಏಜೆಂಟನ ಹತ್ತಿರ ತರಾಸು ಕೇಳಿ ತಂದಿದ್ದರು. ಗಡಿಯಾರದಂಥ ಮುಖ, ಕೆಳಗೆ ಕೊಕ್ಕೆ. ಕೊಕ್ಕೆಗೆ ಎಲೆಮೂಟೆ ನೇತುಹಾಕಿದರೆ ಮುಳ್ಳು ತಿರುಗುತ್ತದೆ. ಮೂಟೆಯ ಬದಲು ಒಂದೊಂದೇ ಮಗುವನ್ನು ಗೋಣಿಯಲ್ಲಿ ಕೂರಿಸಿ ನೇತುಹಾಕುವರು. ಮುಳ್ಳಿಗೆ ಟಾರ್ಚು ಹಿಡಿದು "ಅಮ್ಮಾ, ಈಗ ಚಂದ್ರ" ಎಂದ ಕೂಡಲೇ ನಾನು ಕತ್ತಲಲ್ಲಿ ಬಗ್ಗಿ ಗೋಣಿಯನ್ನು ಕೆಳಗಿನಿಂದ ಮೇಲಕ್ಕೆ ಒತ್ತಬೇಕು. ಮುಳ್ಳು ಇಳಿಯುವುದು, ಮಕ್ಕಳು ಬಾಯಿ ಬಿಡುವುದು. ಅನ್ನ ಬೇಯಿಸಲು ಸೇರಿಕೊಂಡವಳು ನಾನು; ಗ್ರಹಗಳ ಕೆಲಸವೂ ನನ್ನ ತಲೆಗೇ ಬಂತು.

ಹಬ್ಬ ಹತ್ತಿರ ಬಂದಾಗ ಅತ್ತೆ ಪರೀಕ್ಷೆಗೆ ಬಂದು ಬಾಗಿಲಲ್ಲಿ ಕೂತರು. ವಾದ್ಯಾರು ಹೆಮ್ಮೆಯಿಂದ ಮಾದಿಯನ್ನೇ ಎಬ್ಬಿಸಿದರು.

"ಚಂದ್ರನಲ್ಲಿ ತೂಕ ಯಾಕೆ ಕಡಿಮೆ?"

"ಅಲ್ಲಿ ಕೆಳಗಿಂದ ಅವ್ವೆ ಎತ್ತುತ್ತಾಳೆ ಸಾರ್."

ವಾದ್ಯಾರು ಮಫ್ಲರನ್ನು ಕಣ್ಣಿನವರೆಗೂ ಎಳೆದುಕೊಂಡರು. ಅತ್ತೆ ಎದ್ದು ಸೀರೆಯ ಬೂದಿ ಕೊಡವಿಕೊಂಡರು. "ಇದ ಕಲಿಯೋಕೆ ಸ್ಕೂಲು ಬೇಕಾ? ನಾಳೆಯಿಂದ ಕೂಸು ತೊಟ್ಟಿಲ ಹತ್ತಿರ ಇರಲಿ" ಎಂದು ಮಾದಿಯತ್ತ ಕೈ ತೋರಿಸಿ ನನಗೆ ಹೇಳಿದರು. ಸೋತವಳು ನಾನೇ. ಉತ್ತರದಲ್ಲಿ ಸುಳ್ಳೂ ಇರಲಿಲ್ಲ.

ಅಂದು ಸಂಜೆಯೇ ಏಜೆಂಟ್ ಬಂದು ತರಾಸು ವಾಪಸು ತೆಗೆದುಕೊಂಡು, ರಸ್ತೆ ಬದಿಯ ಎಲೆ ಶೆಡ್ಡಿನಲ್ಲಿ ನೇತುಹಾಕಿದ. ನಾನೂ ಅತ್ತೆಯೂ ಮಾದಿಯನ್ನು ಕರೆದುಕೊಂಡು, ಮೂಟೆ ಹೊತ್ತು ಸಾಲಿನಲ್ಲಿ ನಿಂತೆವು. ಅವನು ದಪ್ಪನೆಯ ಮನುಷ್ಯ, ಮೂಟೆಗೆ ಅಂಟಿಕೊಂಡೇ ನಿಲ್ಲುವನು. ನಮ್ಮ ಮೂಟೆ ಕೊಕ್ಕೆಗೇರಿದಾಗ ದೊಡ್ಡವರೆಲ್ಲ ಮುಳ್ಳು ನೋಡುತ್ತಿದ್ದೆವು. ಮಾದಿಯ ಕಣ್ಣು ಮೂಟೆಯ ತಳಕ್ಕೆ ಸರಿಯಾಗುವಷ್ಟೇ ಎತ್ತರ.

"ಅವ್ವೆ, ಏಜೆಂಟಣ್ಣ ಎಂಗ ಎಲೆಯ ಚಂದ್ರನಿಗೆ ಕಳಿಸಿದ" ಎಂದಳು.

"ಏನ ಹೇಳುತ್ತೆ ಈ ಕೂಸು?" ಎಂದು ಅವನು ನಕ್ಕ. ಅವಳು ಬೆರಳು ತೋರಿಸಿದಳು. ಸಾಲಿನಲ್ಲಿದ್ದವರೆಲ್ಲ ಬಗ್ಗಿದರು. ಮೂಟೆಯ ಕೆಳಗೆ ಅವನ ಮೊಣಕಾಲು, ನಾನು ಗೋಡೌನಿನಲ್ಲಿ ಕೈಯಿಟ್ಟು ಒತ್ತುತ್ತಿದ್ದ ಜಾಗದಲ್ಲೇ.

"ವಾತ ಅಕ್ಕ, ಕಾಲು ನಿಲ್ಲಲ್ಲ. ಸ್ವಲ್ಪ ಒರಗಿಸಿಕೊಂಡೆ."

"ನಿನ್ನ ವಾತಕ್ಕೆ ಎಂಗ ಎಲೆ ಔಷಧಿಯಾ?" ಎಂದರು ಅತ್ತೆ. "ಕಾಲು ತೆಗಿ. ಭೂಮಿಗೆ ಇಳಿ."

ಅವನು ಇಳಿದ. ಮುಳ್ಳು ಏರಿತು. ಅಂದಿನಿಂದ ನಮ್ಮ ಹಟ್ಟಿಯಲ್ಲಿ ಯಾರು ತೂಕದಲ್ಲಿ ಮೋಸ ಮಾಡಿದರೂ 'ಚಂದ್ರನಿಗೆ ಕಳಿಸಿದ' ಎಂದೇ ಮಾತು.

ಮರುದಿನ ಬೆಳಿಗ್ಗೆ ಅತ್ತೆಯೇ ಮಾದಿಗೆ ಜಡೆ ಹಾಕಿದರು. "ಸ್ಕೂಲಿಗೆ ಹೋಗು. ಸಂಜೆ ತಪ್ಪದೆ ಶೆಡ್ಡಿಗೆ ಬಾ" ಎಂದು ಕಳಿಸಿ ತೊಟ್ಟಿಲ ಹತ್ತಿರ ತಾವೇ ಕೂತರು. ಏಜೆಂಟ್ ಮತ್ತೆ ತರಾಸು ಕೊಡಲಿಲ್ಲ, ವಾದ್ಯಾರ ರಾಕೆಟ್ಟು ನೆಲ ಬಿಟ್ಟು ಏಳಲಿಲ್ಲ. ಅವರಿಗೆ ಅದೇ ಕೊರಗು.

"ನಾನು ಆಕಾಶ ಕಲಿಸಿದೆ. ಇವರು ಮೊಣಕಾಲು ಕಲಿತರು" ಎಂದರು.

"ಆಕಾಶ ಎಲ್ಲೂ ಹೋಗಲ್ಲ ವಾದ್ಯಾರೇ. ಮೊಣಕಾಲಾದರೆ ತೆಗೆದುಬಿಡ್ತಾನೆ" ಎಂದೆ. ಅವರು ನಕ್ಕಿರಬಹುದು, ಮಫ್ಲರು ಅಡ್ಡವಿತ್ತು.

ಮಾದಿ ಹೈಸ್ಕೂಲು ಮುಗಿಸಿದಳು. ಚಂದ್ರನಲ್ಲಿ ತೂಕ ಕಡಿಮೆಯಾಗುವ ನಿಜವಾದ ಕಾರಣವನ್ನೂ ಕಲಿತು ನನಗೆ ವಿವರಿಸಿದಳು. ನನಗೆ ಅವಳ ಹಳೆಯ ಉತ್ತರವೇ ಅರ್ಥವಾಗುತ್ತದೆ.

ಕನ್ನಡಕ ಕಳಚಿ ಮನೆಗೆ ಬರುವ ದಾರಿಯಲ್ಲಿ ಇದನ್ನೆಲ್ಲ ಮರಿಮಗಳಿಗೆ ಹೇಳಿದೆ. ಕುರ್ಚಿಯ ಮೇಲೆ ಕೂತು ನೋಡಿದ ಚಂದ್ರನಿಂದ ನಿನಗೇನು ಬಂತು ಎಂದು ಚುಚ್ಚಿದೆ ಕೂಡ. ಮಂಜೂರಿನಲ್ಲಿ ಇಳಿದು ಕ್ಯಾರೆಟ್ ಕೊಳ್ಳಲು ನಿಂತೆವು. ಅಂಗಡಿಯವನು ಕರೆಂಟಿನ ತೂಕದ ಮೆಷಿನ್ನಿನ ಮೇಲೆ ಕ್ಯಾರೆಟ್ ಸುರಿದ. ಹುಡುಗಿ ಬಗ್ಗಿ ಕೆಳಗೆ ನೋಡಿದಳು.

"ಏನಮ್ಮ ಕುಟ್ಟಿ ಹುಡುಕೋದು, ಚಂದ್ರನಾ?" ಎಂದು ನಾನು ಅಣಕಿಸಿದೆ.

ಅವಳು ಎದ್ದು ತಟ್ಟೆಯ ಅಂಚನ್ನು ನೋಡಿದಳು. ಅಲ್ಲಿ ಅಂಗಡಿಯವನ ಹೆಬ್ಬೆರಳು ಆರಾಮಾಗಿ ಒರಗಿತ್ತು.

"ಇದು ಚಂದ್ರ ಅಲ್ಲ ಅಜ್ಜಿ, ಗುರುಗ್ರಹ" ಎಂದಳು. "ಅಲ್ಲಿ ತೂಕ ಜಾಸ್ತಿ."

ಅಂಗಡಿಯವನು ಬೆರಳು ತೆಗೆದ. ಗುರುಗ್ರಹಕ್ಕೂ ಅವಳು ಕನ್ನಡಕದಲ್ಲೇ ಹೋಗಿ ಬಂದಿದ್ದಳಂತೆ. ಆ ಕನ್ನಡಕದ ಬಗ್ಗೆ ಆಡಿದ ಮಾತುಗಳಲ್ಲಿ ಅರ್ಧದಷ್ಟನ್ನು ನಾನೂ ವಾಪಸು ತೆಗೆದುಕೊಂಡೆ. ಎಣ್ಣೆ ವಾಸನೆಯ ಮಾತು ಮಾತ್ರ ಹಾಗೇ ಇರಲಿ.